ರೆಸಿಡೆಂಟ್ ಈವಿಲ್ 5 ಮರ್ಸಿನರೀಸ್: ಜೋಡಿಯಾಗಿ ಆಡಿದ್ರೆ ಕಾಂಬೊ 50 ದಾಟ್ತಿಲ್ಲ, ಎಲ್ಲಿ ಎಡವಟ್ಟು?

ಕತ್ತಲಕೋಣೆ

ಸ್ಟೀಮ್ ಆವೃತ್ತಿ. ಕಥೆ ಮುಗಿಸಿ ಮರ್ಸಿನರೀಸ್ (ಟೈಮ್ ಮುಗಿಯೋದ್ರೊಳಗೆ 150 ಎದುರಾಳಿಗಳನ್ನ ಕೊಂದು ಅಂಕ ಗಳಿಸೋ ಮೋಡ್) ತೆರೆದಿದೆ. ಒಂದೇ ಪಿಸಿ, ಸ್ಪ್ಲಿಟ್ ಸ್ಕ್ರೀನ್, ಎರಡು ಕಂಟ್ರೋಲರ್. ಸದ್ಯಕ್ಕೆ ಡ್ಯುಯೋದಲ್ಲಿ (ಇಬ್ಬರ ಆಟ) ಪಬ್ಲಿಕ್ ಅಸೆಂಬ್ಲಿ ಅನ್ನೋ ಮೊದಲ ಹಂತ ಒಂದನ್ನೇ ತಿರುಗಿಸಿ ಮುರುಗಿಸಿ ಆಡ್ತಿದ್ದೀವಿ. ಒಬ್ಬರಿಗೆ ಕ್ರಿಸ್, ಇನ್ನೊಬ್ಬರಿಗೆ ಶೇವಾ, ಇಬ್ಬರದ್ದೂ ಕಥೆಯಲ್ಲಿ ತೊಡೋ ಮಾಮೂಲಿ ಬಿಎಸ್‌ಎಎ ವೇಷ.

ಕಾಂಬೊ (ಬಿಡುವಿಲ್ಲದೆ ಸಾಲಾಗಿ ಕೊಂದವರ ಎಣಿಕೆ) 40ರಿಂದ 50ರ ನಡುವೆ ಪ್ರತಿ ಸಲವೂ ಕಟ್ ಆಗುತ್ತೆ. ಗುರಿ ಏನೂ ಕೆಟ್ಟದಾಗಿಲ್ಲ, ತಲೆಗೇ ಹೊಡೀತಿದ್ದೀವಿ. ಸುಮಾರು 90 ಜನ ಸತ್ತ ಹೊತ್ತಿಗೆ ಟೈಮ್ ಮುಗಿದುಹೋಗುತ್ತೆ. ಆ ಕೊಡಲಿ ಹಿಡಿದ ದೈತ್ಯ ಬಂದರಂತೂ ಎಲ್ಲ ಲೆಕ್ಕವೂ ತಲೆಕೆಳಗು. 150ನ್ನೂ ಒಂದೇ ಕಾಂಬೊದಲ್ಲಿ ಮುಗಿಸೋರು ಏನು ಬೇರೆ ಮಾಡ್ತಾರೆ?

ಜೊತೆಗೆ, ಇದಾದ ಮೇಲೆ ಇಬ್ಬರು ಒಂದೇ ಸೋಫಾದಲ್ಲಿ ಕೂತು ಆಡೋ ಥರದ ಹಾರರ್ ಯಾವುದಿದೆ ಅಂತಲೂ ಹೇಳಿ.

---

ಮೂರನೇಗುದ್ದು

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: "ತಲೆಗೇ ಹೊಡೀತಿದ್ದೀವಿ". ತಲೆಗೆ ಹೊಡೀರಿ, ಬೇಡ ಅನ್ನಲ್ಲ. ಆದರೆ ಗುಂಡಿನಿಂದ ಕೊಲ್ಲಬೇಡಿ.

ಗಡಿಯಾರದ ಲೆಕ್ಕ ನೋಡಿ. ಆಟ ಶುರುವಾಗೋದು 2 ನಿಮಿಷದಿಂದ. ಮ್ಯಾಪಿನಲ್ಲಿ ಅಲ್ಲಲ್ಲಿ ನಿಂತಿರೋ ಮರಳುಗಡಿಯಾರ ಒಡೆದರೆ 30, 60 ಅಥವಾ 90 ಸೆಕೆಂಡು ಸಿಗುತ್ತೆ. ಮೂರನೇ ದಾರಿಯನ್ನ ಬಹಳ ಜನ ಗಮನಿಸಲ್ಲ. ಕೈಕಾಲಿನ ಏಟಿಗೆ ಪ್ರಾಣ ಹೋದ ಒಬ್ಬೊಬ್ಬ ಮಜೀನಿಗೂ (ಈ ಆಟದ ಸೋಂಕು ತಗುಲಿದ ಎದುರಾಳಿ) 5 ಸೆಕೆಂಡು ಸೇರುತ್ತೆ. 150ರಲ್ಲಿ 60 ಜನರನ್ನ ಹೀಗೆ ಮುಗಿಸಿದರೆ 300 ಸೆಕೆಂಡು, ಅಂದ್ರೆ ಒಂದೂ ಮರಳುಗಡಿಯಾರ ಮುಟ್ಟದೆ 5 ನಿಮಿಷ ಗಳಿಸಿದ ಹಾಗೆ. 2005ರ ರೆಸಿಡೆಂಟ್ ಈವಿಲ್ 4ರ ಮರ್ಸಿನರೀಸ್‌ನಲ್ಲಿ ಈ ಸೌಲಭ್ಯ ಇರಲಿಲ್ಲ. ಅಲ್ಲಿಂದ ಬಂದವರು ಇಲ್ಲೂ ಬರೀ ಗುಂಡು ಹಾರಿಸ್ತಾ ಇರ್ತಾರೆ, 90ಕ್ಕೆ ಟೈಮ್ ಖಾಲಿ.

ಒಂದು ಕೊಲೆ ಹೇಗಿರಬೇಕು ಅಂತ ಬಿಡಿಸಿ ಹೇಳ್ತೀನಿ. ಎದುರಿಗೆ ಓಡಿ ಬರ್ತಿರೋನ ಮೊಣಕಾಲಿಗೆ ಪಿಸ್ತೂಲಿನಿಂದ ಒಂದು ಗುಂಡು. ಅವನು ಮಂಡಿಯೂರುತ್ತಾನೆ. ಹತ್ತಿರ ಹೋದ ತಕ್ಷಣ ಪರದೆ ಮೇಲೆ ಬಟನ್ ಕಾಣುತ್ತೆ, ಒತ್ತಿದರೆ ಕ್ರಿಸ್ ಕೆಳಗಿನಿಂದ ಗಲ್ಲಕ್ಕೆ ಎತ್ತಿ ಗುದ್ದುತ್ತಾನೆ. ಸಾಯಲಿಲ್ಲವಾ? ನೆಲಕ್ಕೆ ಬಿದ್ದಿರ್ತಾನೆ, ಬಿದ್ದವನ ಮೇಲೆ ಮತ್ತೆ ಅದೇ ಬಟನ್, ಬೂಟುಗಾಲಿನಿಂದ ತುಳಿತ. ಶೇವಾ ಆದರೆ ಬಿದ್ದವನಿಗೆ ಚಾಕು ಚುಚ್ಚುತ್ತಾಳೆ. ಒಂದು ಅಥವಾ ಎರಡು ಗುಂಡಿಗೆ ಒಂದು ಹೆಣ, ಮೇಲೆ 5 ಸೆಕೆಂಡು. ಗುದ್ದೋ ಹೊತ್ತಿನಲ್ಲಿ ನಿಮಗೆ ಏಟು ತಾಗಲ್ಲ ಅನ್ನೋದು ಇನ್ನೊಂದು ಲಾಭ. ಸುತ್ತ ನಾಲ್ಕು ಜನ ಕುಡುಗೋಲು ಎತ್ತಿ ನಿಂತಿದ್ದರೆ ಓಡೋದಕ್ಕಿಂತ ಮಂಡಿಯೂರಿದವನನ್ನ ಗುದ್ದೋದೇ ಸುರಕ್ಷಿತ.

ಜೋಡಿಗೆ ಮಾತ್ರ ಸಿಗೋ ಅಸ್ತ್ರವೂ ಒಂದಿದೆ. ಒಬ್ಬರು ಗುದ್ದಿದ ಮೇಲೆ ಮಜೀನಿ ತೂರಾಡ್ತಾ ಇನ್ನೊಬ್ಬರ ಕಡೆ ವಾಲಿದರೆ ಅವರಿಗೂ ಬಟನ್ ಬರುತ್ತೆ. ಅವರು ಹೊಡೆದ ಮೇಲೆ ಮತ್ತೆ ಮೊದಲಿನವರಿಗೆ. ಮೂರನೇ ಏಟು ಬಲು ಜೋರು, ಅಕ್ಕಪಕ್ಕ ಇದ್ದವರೂ ಉರುಳ್ತಾರೆ. ಆದರೆ ಇದನ್ನ ಮಾಮೂಲಿ ಮಜೀನಿ ಮೇಲೆ ಹಾಳು ಮಾಡಬೇಡಿ. ಮೂರು ಏಟಿಗೆ ಇಬ್ಬರ ಸಮಯವೂ ಹೋಗುತ್ತೆ, ಸಿಗೋದು ಒಂದೇ ಹೆಣ. ಗಟ್ಟಿ ಆಸಾಮಿಗಳಿಗೆ ಇಟ್ಕೊಳ್ಳಿ.

ಇನ್ನು ಕಾಂಬೊ. ಒಂದು ಕೊಲೆಯಿಂದ ಮುಂದಿನ ಕೊಲೆಗೆ 10 ಸೆಕೆಂಡು, ಅಷ್ಟೇ. ಡ್ಯುಯೋದಲ್ಲಿ ಕಾಂಬೊ ಇಬ್ಬರಿಗೂ ಸೇರಿ ಒಂದೇ, ಗಡಿಯಾರವೂ ಒಂದೇ. ಯಾರು ಕೊಂದರೂ 10 ಮತ್ತೆ ತುಂಬುತ್ತೆ. ಹಾಗಾಗಿ ಇಬ್ಬರೂ *ಒಟ್ಟಿಗೆ* ಗುಂಡು ತುಂಬಿಸೋದು, *ಒಟ್ಟಿಗೆ* ಜಾಗ ಬದಲಿಸೋದು, ಒಬ್ಬರು ಮರಳುಗಡಿಯಾರಕ್ಕೆ ಹೊರಟರೆ ಇನ್ನೊಬ್ಬರೂ ಹಿಂದೇ ಹೋಗೋದು, ಇವೇ ಕಾಂಬೊ ಮುರಿಯೋ ಕಾರಣಗಳು. 40-50ರ ಹತ್ತಿರ ನಿಮ್ಮಲ್ಲಿ ಏನಾಗ್ತಿದೆ ಅಂದ್ರೆ, ಮೊದಲ ಗುಂಪು ಖಾಲಿ, ಇಬ್ಬರೂ ಅದೇ ಗಳಿಗೆಗೆ ನಡೆಯೋಕೆ ಶುರು ಮಾಡ್ತೀರಿ.

---

ಜ್ವಾಳದರೊಟ್ಟಿ

ಮ್ಯಾಲೆ ಹೇಳಿದ್ದು ಖರೆ ಐತಿ. ಅದಕ್ಕ ಇನ್ನೊಂದೀಟು ಸೇರಸ್ತೀನಿ.

ಕೆಲಸ ಮೊದಲ ಹಂಚಿಕೋರಿ. ಒಬ್ಬರು ಓಡಾಡವ್ರು, ಒಬ್ಬರು ನಿಂದರವ್ರು. ನಿಂತವ್ರ ಕೆಲಸ ಕಾಂಬೊ ಜೀವಂತ ಇಡೂದು, ಓಡಾಡವ್ರ ಕೆಲಸ ಮರಳುಗಡಿಯಾರ ಒಡ್ಯೂದು. ಓಡಾಡವ್ರು ಹೊರಡೂ ಮೊದಲು ಬಾಯಿ ಬಿಟ್ಟು "ಹೊಂಟೆ" ಅನಬೇಕು. ನಿಂತವ್ರ ಹತ್ರ ಕಡಿಮಿ ಅಂದ್ರ ಇಬ್ಬರು ಮೂವರು ಅರೆಜೀವ ಆದವ್ರು ಇರಬೇಕು, ಆವಾಗಷ್ಟ "ಹೋಗು" ಅನಬೇಕು. ಎಲ್ಲಾರನೂ ಒಮ್ಮಿಗೇ ಕೊಂದು ಅಂಗಳ ಸ್ವಚ್ಛ ಮಾಡಿ ನಿಂತ್ರ ಮುಂದಿನವ ಬರೂದ್ರೊಳಗ 10 ಸೆಕೆಂಡ್ ಹಾರಿ ಹೋಗಿರತಾವ. ಒಬ್ಬಾವನ ಕಾಲಿಗೆ ಹೊಡದು ಕೆಡವಿ ಇಡ್ರಿ, ಕಾಂಬೊದ 10 ಸೆಕೆಂಡ್ 3ಕ್ಕ ಇಳದಾಗ ತುಳೀರಿ. ಜಿಪುಣತನ ಇಲ್ಲಿ ದೊಡ್ಡ ಗುಣ.

ಬ್ಯಾಗಿನ ಮಾತು. ಒಬ್ಬೊಬ್ಬರಿಗೆ 9 ಖಾನೆ, ಮೂರು ಸಾಲು ಮೂರು. ನಡುವಿನ ಸಾಲಿನ ಎಡ ಬಲ, ಮ್ಯಾಲೆ ಕೆಳಗ, ಈ ನಾಕು ಖಾನ್ಯಾಗ ಇದ್ದದ್ದು ಕಂಟ್ರೋಲರಿನ ಡಿ-ಪ್ಯಾಡ್ (ನಾಕು ದಿಕ್ಕಿನ ಬಟನ್) ಒತ್ತಿದ ಕೂಡ್ಲೆ ಕೈಗೆ ಬರತೈತಿ. ಮೂಲ್ಯಾಗ ಇಟ್ಟದ್ದಕ್ಕ ಬ್ಯಾಗ್ ತಗೀಬೇಕು, ಬ್ಯಾಗ್ ತಗದ್ರ ಆಟ ನಿಂದ್ರಂಗಿಲ್ಲ, ನೀವು ಪಿಸ್ತೂಲ್ ಹುಡುಕೂ ಹೊತ್ತಿಗೆ ಕೊಡಲಿ ಬಂದಿರತೈತಿ. ಹಂಗಾಗಿ ನಾಕು ದಿಕ್ಕಿಗೆ ಪಿಸ್ತೂಲ್, ದೊಡ್ಡ ಗನ್, ಗ್ರನೇಡ್, ಗಿಡಮೂಲಿಕಿ. ಮೂಲಿಗೆ ಮದ್ದುಗುಂಡು. ಇನ್ನೊಬ್ಬರ ಗನ್ನಿನ ಗುಂಡು ನಿಮಗ ಸಿಕ್ರ ಅಲ್ಲೇ ಕೊಟ್ಟುಬಿಡ್ರಿ, ಖಾನೆ ತುಂಬಿಸಿಕೊಂಡು ಕುಂದ್ರಬ್ಯಾಡ್ರಿ.

ಗಿಡಮೂಲಿಕಿ ಬಳಸೂ ಮುಂದ ಜೊತಿಗಾರರ ಮಗ್ಗಲದಾಗ ನಿಂತು ಬಳಸ್ರಿ. ಹತ್ರ ಇದ್ರ ಒಂದ ಮೂಲಿಕಿ ಇಬ್ಬರಿಗೂ ಹತ್ತತೈತಿ. ದೂರ ನಿಂತು ಬಳಸಿದ್ರ ಅರ್ಧ ದಂಡ ಆದಂಗ.

ಇನ್ನ ಒಬ್ಬರು ಸಾಯೂ ಹಂತಕ್ಕ ಬಂದು ಕುಸದ್ರ, ಇನ್ನೊಬ್ಬರು ಬಂದು ಎಬ್ಬಸಬೇಕು. ತಡ ಆದ್ರ ಇಬ್ಬರದೂ ಆಟ ಮುಗೀತು. ಅದಕ್ಕ ಎಷ್ಟ ದೂರ ಹೋದ್ರೂ ಒಂದ ಓಣಿಕಿಂತ ದೂರ ಬ್ಯಾಡ. ಬೆನ್ನಿಗೆ ಬೆನ್ನು ಹಚ್ಚಿ ನಿಂದ್ರೂದೂ ಬ್ಯಾಡ, ಯಾಕಂದ್ರ ಒಂದ ಗುಂಪಿಗೆ ಇಬ್ಬರೂ ಹೊಡದು ಎರಡು ಪಟ್ಟು ಗುಂಡು ಖರ್ಚು. ಕೂಗಿದ್ರ ಕೇಳೂ ದೂರ ಸಾಕು.

---

ಕತ್ತಲಕೋಣೆ

ಇಬ್ಬರಿಗೂ ಥ್ಯಾಂಕ್ಸ್. "ಹೊಂಟೆ", "ಹೋಗು" ಪದ್ಧತಿ ಮಾಡಿ ನೋಡಿದ್ವಿ, ಕಾಂಬೊ 83. ಮುರಿದದ್ದು ಕೊಡಲಿಯವನು ಬಂದಾಗ. ಇಬ್ಬರೂ ಅವನ ಮೇಲೇ ಗುಂಡು ಸುರಿಸ್ತಾ ಇದ್ವಿ, ಅವನು ಸಾಯಲೂ ಇಲ್ಲ, ಕಾಂಬೊನೂ ಉಳಿಯಲಿಲ್ಲ. ಇನ್ನೊಂದು, ಕೆಲವರ ತಲೆ ಹಾರಿಸಿದ ಮೇಲೆ ಕುತ್ತಿಗೆಯಿಂದ ಆ ಉದ್ದನೆ ಜಂತು ಹೊರಗೆ ಬರುತ್ತಲ್ಲ, ಅದಕ್ಕೂ ಸಿಕ್ಕಾಪಟ್ಟೆ ಗುಂಡು ಹೋಗ್ತಿದೆ.

---

ಮೂರನೇಗುದ್ದು

83 ಅಂದ್ರೆ ಅರ್ಧಕ್ಕಿಂತ ಜಾಸ್ತಿ ದಾರಿ ಬಂತು.

ಎಕ್ಸಿಕ್ಯೂಷನರ್, ಅಂದ್ರೆ ಆ ಕೊಡಲಿಯವನ ವಿಷಯ. ಅವನು ಸಾಯೋಕೆ ಟೈಮ್ ತಗೋತಾನೆ, ಕಾಂಬೊ ಕೊಡೋದು 10 ಸೆಕೆಂಡು ಮಾತ್ರ. ಅವನೊಬ್ಬನ ಮೇಲೇ ಇಬ್ಬರೂ ಕೂತರೆ ಕಾಂಬೊ ಸತ್ತ ಹಾಗೇ. ಹಾಗಾಗಿ ಒಬ್ಬರು ಮಾತ್ರ ಅವನನ್ನ ನೋಡ್ಕೊಳ್ಳಿ, ಇನ್ನೊಬ್ಬರು ಚಿಲ್ಲರೆ ಮಜೀನಿಗಳನ್ನ ಒಬ್ಬೊಬ್ಬನಾಗಿ ಕೊಲ್ತಾ ಇರಲಿ. ಅವನು ನಿಧಾನ, ಆದರೆ ಕೊಡಲಿ ಅಗಲಕ್ಕೆ ಬೀಸ್ತಾನೆ. ಪಕ್ಕಕ್ಕೆ ತಪ್ಪಿಸಿಕೊಳ್ಳೋದಕ್ಕಿಂತ ಹಿಂದಕ್ಕೆ ಸರಿಯೋದು ಮೇಲು. ಗುಂಡು ಬಿದ್ದರೆ ಸಿಡಿಯೋ ಕೆಂಪು ಪೀಪಾಯಿ ಇದ್ದರೆ ಅವನಿಗಾಗಿಯೇ ಉಳಿಸಿ, ಮೊದಲ ನಿಮಿಷದಲ್ಲಿ ಇಬ್ಬರು ಬಡಪಾಯಿಗಳಿಗೆ ಒಡೆದು ಮುಗಿಸಬೇಡಿ. ಮುಖ್ಯವಾಗಿ, ಅವನನ್ನ ಬೇಗ ಕೊಲ್ಲಲೇಬೇಕು ಅನ್ನೋ ಹಟ ಬಿಡಿ. 150ರಲ್ಲಿ ಅವನದ್ದೂ ಒಂದೇ ಎಣಿಕೆ.

ಜಂತಿಗೆ ಹೆಸರು ಸೆಫಾಲೊ. ಫ್ಲ್ಯಾಶ್ ಗ್ರನೇಡ್ ಒಂದು ಬಿದ್ದರೆ ಸಾಕು, ಬೆಳಕಿಗೇ ಸಾಯುತ್ತೆ. ಅದೇ ಗ್ರನೇಡ್ ಸುತ್ತಲಿನ ಮಾಮೂಲಿ ಮಜೀನಿಗಳನ್ನ ಕಣ್ಣು ಕುಕ್ಕಿಸಿ ನಿಲ್ಲಿಸುತ್ತೆ, ಆಮೇಲೆ ಗುಂಡು ಖರ್ಚಿಲ್ಲದೆ ಗುದ್ದೋದೊಂದೇ ಕೆಲಸ. ಮೂರು ಜನ ಒತ್ತಿಕೊಂಡು ನಿಂತಿದ್ದಾಗ ಕ್ರಿಸ್ ಅಡ್ಡ ಗುದ್ದಿದರೆ ಪಕ್ಕದವರಿಗೂ ತಾಗುತ್ತೆ. ಫ್ಲ್ಯಾಶ್ ಸಿಕ್ಕರೆ ಸಿಡಿಯೋ ಗ್ರನೇಡಿಗಿಂತ ಅದನ್ನೇ ಜೋಪಾನ ಮಾಡಿ. ಇದನ್ನ ಬಹಳ ಜನ ಕಸ ಅಂತ ಬಿಸಾಕ್ತಾರೆ, ಪಾಪ.

ಕೊನೆಯ ಇಪ್ಪತ್ತರ ಹೊತ್ತಿಗೆ ಎದುರಾಳಿಗಳು ಚದುರಿಬಿಡ್ತಾರೆ. ಅವರನ್ನ ಹುಡುಕಿಕೊಂಡು ಹೋಗಬೇಡಿ, ತೆರೆದ ಜಾಗದಲ್ಲಿ ನಿಲ್ಲಿ, ಅವರೇ ಬರ್ತಾರೆ. ಅಲ್ಲಿಯವರೆಗೆ ಮೇಲಿನವರು ಹೇಳಿದ ಹಾಗೆ ಒಬ್ಬನನ್ನ ಕೆಡವಿ ಇಟ್ಕೊಳ್ಳಿ. ಆದರೆ ಬಿದ್ದವನು ಏಳ್ತಾನೆ ಅನ್ನೋದು ನೆನಪಿರಲಿ, ಎದ್ದರೆ ಮತ್ತೆ ಕಾಲಿಗೆ ಒಂದು.

---

ತಂತಿಬೇಲಿ

ಆಟದ ಬಗ್ಗೆ ಇವರು ಹೇಳಿದ ಮೇಲೆ ನನ್ನದೇನಿಲ್ಲ. ಸೆಟಪ್ಪಿನ ನಾಲ್ಕು ಮಾತು ಹೇಳ್ತೀನಿ, ಯಾಕಂದ್ರೆ ಈ ಆಟದ ಪಿಸಿ ಆವೃತ್ತಿ ಬಗ್ಗೆ ಹಳೇ ಮಾಹಿತಿ ಎಲ್ಲ ಕಡೆ ಬಿದ್ದಿದೆ.

2009ರ ಪಿಸಿ ಆವೃತ್ತಿಯಲ್ಲಿ ಸ್ಪ್ಲಿಟ್ ಸ್ಕ್ರೀನ್ ಇರಲಿಲ್ಲ, ಆನ್‌ಲೈನ್ ಆಟಕ್ಕೆ ಗೇಮ್ಸ್ ಫಾರ್ ವಿಂಡೋಸ್ ಲೈವ್ ಬೇಕಿತ್ತು. ಒಂದೇ ಪರದೆಯಲ್ಲಿ ಇಬ್ಬರು ಆಡೋ ಸೌಲಭ್ಯ ಸ್ಟೀಮಿನಲ್ಲಿ ಅಧಿಕೃತವಾಗಿ ಬಂದದ್ದು 2023ರ ಅಪ್‌ಡೇಟ್‌ನಲ್ಲಿ. ಹಾಗಾಗಿ "ಮಾಡ್ ಹಾಕಿ, ಫೈಲ್ ಬದಲಿಸಿ" ಅನ್ನೋ ಹಳೇ ಸಲಹೆ ಕಂಡರೆ ಮುಟ್ಟಬೇಡಿ. ಈಗಾಗಲೇ ಮಾಡ್ ಹಾಕಿದ್ದು ಆಟ ತೆರೀತಿಲ್ಲ ಅಂದ್ರೆ, ಸ್ಟೀಮಿನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ ಫೈಲುಗಳನ್ನ ವೆರಿಫೈ ಮಾಡಿಸಿ.

ಕ್ಯಾಪ್‌ಕಾಮ್ ಈ ಆಟದಲ್ಲಿ ಪರದೆಯನ್ನ ಸರಿಯಾಗಿ ಎರಡು ಭಾಗ ಮಾಡಲಿಲ್ಲ. ಎರಡು ಅಗಲದ ಪಟ್ಟಿಗಳು, ಮೇಲಿನದ್ದು ಒಂದು ಕಡೆಗೆ, ಕೆಳಗಿನದ್ದು ಇನ್ನೊಂದು ಕಡೆಗೆ ಸರಿದಿರುತ್ತೆ, ಉಳಿದದ್ದು ಖಾಲಿ ಕಪ್ಪು. 24 ಇಂಚಿನ ಮಾನಿಟರಿನಲ್ಲಿ ದೂರದ ಮೊಣಕಾಲು ಕಡ್ಲೆಕಾಳಿನಷ್ಟು ಕಾಣುತ್ತೆ. ಸಾಧ್ಯ ಇದ್ದರೆ ಟಿವಿಗೆ ಎಚ್‌ಡಿಎಂಐ ಹಾಕಿ, ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ. ಗೇಮ್ ಮೋಡ್ ಆನ್ ಮಾಡದಿದ್ದರೆ ಬಟನ್ ಒತ್ತಿದ್ದಕ್ಕೂ ಗುದ್ದಿದ್ದಕ್ಕೂ ನಡುವೆ ಎಳೆತ ಗೊತ್ತಾಗುತ್ತೆ, ಬಟನ್ ಕಂಡ ಗಳಿಗೆಗೇ ಒತ್ತಬೇಕಾದ ಈ ಮೋಡಿನಲ್ಲಿ ಅದು ದೊಡ್ಡ ನಷ್ಟ.

ಮೆನುವಿನಲ್ಲಿ ಗಲಿಬಿಲಿ ಮಾಡೋ ಎರಡು ಹೆಸರಿವೆ. ನೋ ಮರ್ಸಿ ಅನ್ನೋದು ಪಿಸಿಯ ವಿಶೇಷ, ಒಮ್ಮೆಗೇ ಮುತ್ತೋ ಗುಂಪು ತುಂಬಾ ದೊಡ್ಡದು. ಅಲ್ಲಿನ ಅಂಕ ಇಲ್ಲಿಗೆ ಹೋಲಿಸಬೇಡಿ, ಲೆಕ್ಕವೇ ಬೇರೆ. ಇನ್ನೊಂದು 2010ರ ರಿಯೂನಿಯನ್. ಬ್ಯಾರಿ, ರೆಬೆಕ್ಕಾ, ಜಾಶ್, ಎಕ್ಸೆಲ್ಲಾ ಇವರೆಲ್ಲ ಬರೋದು ಅದರಲ್ಲಿ. ಸ್ಟೀಮಿನಲ್ಲಿ ಅದಕ್ಕೆ ಅನ್‌ಟೋಲ್ಡ್ ಸ್ಟೋರೀಸ್ ಬಂಡಲ್ ಬೇರೆಯಾಗಿ ಕೊಳ್ಳಬೇಕು. 2016ರ ಪಿಎಸ್4, ಎಕ್ಸ್‌ಬಾಕ್ಸ್ ಒನ್ ಆವೃತ್ತಿಯಲ್ಲಿ ಎಲ್ಲ ಸೇರಿಯೇ ಬರುತ್ತೆ.

ಸ್ನೇಹಿತರು ಬೇರೆ ಊರಿನಲ್ಲಿದ್ದರೆ ಸ್ಟೀಮಿನ ರಿಮೋಟ್ ಪ್ಲೇ ಟುಗೆದರ್ ಇದೆ. ಆಟ ಒಬ್ಬರ ಹತ್ರ ಇದ್ದರೆ ಸಾಕು, ಇನ್ನೊಬ್ಬರಿಗೆ ನಿಮ್ಮ ಪರದೆಯ ವಿಡಿಯೋ ಹೋಗುತ್ತೆ, ಅವರ ಬಟನ್ ನಿಮಗೆ ಬರುತ್ತೆ. ಇಲ್ಲಿ ನೋಡಬೇಕಾದ್ದು ಡೌನ್‌ಲೋಡ್ ವೇಗ ಅಲ್ಲ, ಆಟ ಓಡಿಸೋರ *ಅಪ್‌ಲೋಡ್*. ಚಿತ್ರ ಚೌಕ ಚೌಕವಾಗಿ ಒಡೀತಿದ್ದರೆ ರಿಮೋಟ್ ಪ್ಲೇ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ 720ಕ್ಕೆ ಇಳಿಸಿ, ವೈಫೈ ಬಿಟ್ಟು ಕೇಬಲ್ ಹಾಕಿ. ದೂರ ಕೂತವರಿಗೆ ಯಾವತ್ತೂ ಸ್ವಲ್ಪ ತಡವಾಗಿಯೇ ಕಾಣುತ್ತೆ, ಹಾಗಾಗಿ ಅವರನ್ನ ಓಡಾಡೋ ಕೆಲಸಕ್ಕೆ ಹಾಕಿ, ಸೆಕೆಂಡಿನ ಲೆಕ್ಕದ ಗುದ್ದಾಟ ನಿಮಗಿರಲಿ.

---

ಹಳೇಟೈಪ್‌ರೈಟರ್

"ಮುಂದೇನು" ಅನ್ನೋದಕ್ಕೆ ಯಾರೂ ಉತ್ತರ ಕೊಡಲಿಲ್ಲ, ನಾನು ಹೇಳ್ತೀನಿ.

ಅಂಕದಾಟದ ಚಟ ಹತ್ತಿದ್ದರೆ ನೇರವಾಗಿ ರೆಸಿಡೆಂಟ್ ಈವಿಲ್ 6 (2012). ಕಥೆಗೂ ಮರ್ಸಿನರೀಸ್‌ಗೂ ಸ್ಪ್ಲಿಟ್ ಸ್ಕ್ರೀನ್ ಇದೆ, ಪಿಸಿಯಲ್ಲೂ. ಕಥೆ ಬಗ್ಗೆ ಜನ ಬೈತಾರೆ, ಬೈಯೋದು ನ್ಯಾಯವೇ. ಆದರೆ ಅದರ ಮರ್ಸಿನರೀಸ್ ಸರಣಿಯಲ್ಲೇ ಒಳ್ಳೇದು ಅನ್ನೋ ವಾದಕ್ಕೆ ನಾನು ಕೈ ಎತ್ತುತ್ತೀನಿ. 5ರ ಅಭ್ಯಾಸ ಅಲ್ಲಿ ಕೈಕೊಡೋ ಒಂದು ಜಾಗ ಇದೆ. ಅಲ್ಲಿ ಒದೆಗೆ ಬೆಲೆ ಇದೆ. ಪರದೆ ಮೂಲೆಯ ಶಕ್ತಿಪಟ್ಟಿ ಪ್ರತಿ ಒದೆಗೂ, ಗುರಿ ಹಿಡಿಯದೆ ತಟ್ಟನೆ ಹೊಡೆಯೋ ಕ್ವಿಕ್ ಶಾಟ್‌ಗೂ ಕರಗುತ್ತೆ. ಪಟ್ಟಿ ಖಾಲಿಯಾದ ಮೇಲೆ ಒದ್ದರೆ ಮುದುಕರು ತಳ್ಳಿದ ಹಾಗೆ. ಮೂರು ನಾಲ್ಕು ಒದೆ, ಆಮೇಲೆ ಸ್ವಲ್ಪ ಹೊತ್ತು ಬರೀ ಬಂದೂಕು, ಪಟ್ಟಿ ತುಂಬಿದ ಮೇಲೆ ಮತ್ತೆ ಒದೆ, ಹೀಗೆ ತಾಳ ಹಿಡೀಬೇಕು. ಇಬ್ಬರ ಪಟ್ಟಿಯೂ ಒಟ್ಟಿಗೆ ಖಾಲಿಯಾಗದಂತೆ ನೋಡ್ಕೊಳ್ಳೋದೇ ಅಲ್ಲಿನ ಜೋಡಿ ಲೆಕ್ಕ.

ಹೆದರಿಕೆಯೂ ಬೇಕು, ಜೊತೆಯೂ ಬೇಕು ಅಂದ್ರೆ ರೆಸಿಡೆಂಟ್ ಈವಿಲ್ ರೆವೆಲೇಷನ್ಸ್ 2 (2015). ಅದರ ಕಥೆಯನ್ನ ಒಂದೇ ಪರದೆಯಲ್ಲಿ ಮಾತ್ರ ಇಬ್ಬರು ಆಡಬಹುದು, ಆನ್‌ಲೈನ್ ಇಲ್ಲ. ಪಿಸಿಯಲ್ಲಿ ಬಿಡುಗಡೆ ದಿನ ಅದೂ ಇರಲಿಲ್ಲ, ಆಮೇಲೆ ಪ್ಯಾಚ್‌ನಲ್ಲಿ ಕೊಟ್ಟರು. ಇದರಲ್ಲಿ ಇಬ್ಬರೂ ಸರಿಸಮಾನ ಅಲ್ಲ, ಅದೇ ಅದರ ಸೊಗಸು. ಕ್ಲೇರ್ ಕೈಯಲ್ಲಿ ಬಂದೂಕು, ಮೊಯ್ರಾ ಬಂದೂಕು ಮುಟ್ಟಲ್ಲ. ಅವಳ ಹತ್ರ ಟಾರ್ಚು ಮತ್ತು ಕಬ್ಬಿಣದ ಸರಳು. ಟಾರ್ಚಿನ ಬೆಳಕನ್ನ ಮುಖಕ್ಕೆ ಬಿಗಿಯಾಗಿ ಹಿಡಿದರೆ ಎದುರಿನವನು ಕಣ್ಣು ಮುಚ್ಚಿಕೊಂಡು ತಡವರಿಸ್ತಾನೆ, ಆಗ ಕ್ಲೇರ್ ಹೋಗಿ ಒದೀಬೇಕು, ಬಿದ್ದವನನ್ನ ಮೊಯ್ರಾ ಸರಳಿನಿಂದ ಮುಗಿಸಬೇಕು.

ಬ್ಯಾರಿ ಮತ್ತು ಪುಟ್ಟ ಹುಡುಗಿ ನಟಾಲಿಯಾ ಭಾಗ ಇನ್ನೂ ಮಜಾ. ಗ್ಲಾಸ್ಪ್ ಅನ್ನೋ ಹಾರೋ ಹುಳುಗಳು ಬ್ಯಾರಿ ಕಣ್ಣಿಗೆ ಕಾಣಲ್ಲ, ನಟಾಲಿಯಾಗೆ ಮಾತ್ರ ಗೊತ್ತಾಗುತ್ತೆ. ಬಂದೂಕು ಇರೋರಿಗೆ ಗುರಿ ಕಾಣಲ್ಲ, ಗುರಿ ಕಾಣೋರಿಗೆ ಬಂದೂಕಿಲ್ಲ. "ಎಡಕ್ಕೆ, ಇನ್ನೂ ಎಡಕ್ಕೆ, ಈಗ ಹೊಡಿ" ಅಂತ ಒಬ್ಬರು ಹೇಳಬೇಕು. ಪಕ್ಕದ ಅರ್ಧ ಪರದೆಗೆ ಕಳ್ಳನೋಟ ಹಾಕಿದರೆ ಸುಳಿವು ಸಿಗುತ್ತೆ, ಅದು ಮೋಸವಾ ಅಲ್ಲವಾ ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ. ಜೊತೆಗೊಬ್ಬರು ಬಂದ ಕೂಡಲೇ ಹಾರರ್ ಸತ್ತುಹೋಗುತ್ತೆ ಅನ್ನೋರು ಈ ಭಾಗ ಆಡಬೇಕು. ಇಬ್ಬರಿಗೂ ತುಂಬಿದ ಮಷಿನ್ ಗನ್ ಕೊಟ್ಟರೆ ಹೆದರಿಕೆ ಹೋಗುತ್ತೆ, ಜೊತೆ ಇದ್ದಾರೆ ಅಂತ ಹೋಗಲ್ಲ.

ಅದರ ರೇಡ್ ಮೋಡಿನಲ್ಲಿ ಮಟ್ಟ ಏರಿಸೋದು, ಬಂದೂಕಿಗೆ ಬಿಡಿಭಾಗ ಜೋಡಿಸೋದು ಎಲ್ಲ ಇದೆ, ಅದೇ ಒಂದು ಪೂರ್ತಿ ಆಟದಷ್ಟು. 2012ರ ಮೊದಲ ರೆವೆಲೇಷನ್ಸ್‌ನಲ್ಲೂ ರೇಡ್ ಇದೆ. ಒಂದೂ ಏಟು ತಿನ್ನದೆ, ಎಲ್ಲರನ್ನೂ ಕೊಂದು, ಕಡಿಮೆ ಮಟ್ಟದಲ್ಲೇ ಮುಗಿಸಿದರೆ ಮೂರೂ ಸೇರಿ ಟ್ರಿನಿಟಿ ಬೋನಸ್. ಆದರೆ ಪಿಸಿಯಲ್ಲಿ ಅದು ಆನ್‌ಲೈನ್ ಜೋಡಿಗೆ ಮಾತ್ರ, ಸೋಫಾಕ್ಕೆ ಆಗಲ್ಲ. ಡೆಡ್ ಸ್ಪೇಸ್ 3 (2013) ಕೂಡ ಅಷ್ಟೇ, ಆನ್‌ಲೈನ್ ಮಾತ್ರ. ಅಲ್ಲಿ ಕಾರ್ವರ್ ಆಡೋರಿಗೆ ಮಾತ್ರ ಕೆಲವು ಭ್ರಮೆಗಳು ಕಾಣ್ತವೆ, ಐಸಾಕ್ ಆಡೋರಿಗೆ ಖಾಲಿ ಕೋಣೆ. "ಏನು ನೋಡ್ತಿದ್ದೀಯ?" ಅಂತ ಹೆಡ್‌ಸೆಟ್ಟಿನಲ್ಲಿ ಕೇಳೋ ಹಾಗಾಗುತ್ತೆ.

ರೆಸಿಡೆಂಟ್ ಈವಿಲ್ 4 ಮರ್ಸಿನರೀಸ್ ಹಳೇದು, 2023ರದ್ದು ಎರಡೂ ಒಬ್ಬರಿಗೇ. ಹೆಸರು ನೋಡಿ ಇಬ್ಬರಿಗೆ ಅಂತ ಕೊಂಡುಬಿಟ್ಟೀರಿ. ಅಂದ ಹಾಗೆ ಈ ಹೆಸರು ಶುರುವಾದದ್ದು 1999ರ ರೆಸಿಡೆಂಟ್ ಈವಿಲ್ 3ರಲ್ಲಿ. ಅಲ್ಲೂ 2 ನಿಮಿಷದ ಗಡಿಯಾರ, ಅಲ್ಲೂ ಕೊಂದರೆ ಸೆಕೆಂಡು. ಗಳಿಸಿದ ದುಡ್ಡಿನಲ್ಲಿ ಮುಖ್ಯ ಆಟಕ್ಕೆ ಬಂದೂಕು ಕೊಳ್ಳಬಹುದಿತ್ತು, 9999 ಕೊಟ್ಟರೆ ಮುಗಿಯದ ಮದ್ದುಗುಂಡು.

---

ಜ್ವಾಳದರೊಟ್ಟಿ

ಕತ್ತಲಕೋಣೆ ಅವ್ರ, ಇನ್ನೊಂದು ಹೇಳೂದು ಬಿಟ್ಟಿದ್ದೆ. ಮರಳುಗಡಿಯಾರ ಎಲ್ಲಾ ಒಮ್ಮಿಗೇ ಒಡದು ಬರಬ್ಯಾಡ್ರಿ. ಅವು ಎಲ್ಲೂ ಓಡಿ ಹೋಗಂಗಿಲ್ಲ. ಜಾಗ ಬದಲಸೂ ಹೊತ್ತಿಗೆ ದಾರ್ಯಾಗ ಸಿಗೂ ಒಂದು, ಮುಂದಿನ ಸಲಕ್ಕ ಒಂದು, ಹಂಗ ಇಟ್ಕೋರಿ. ಬಿ ದರ್ಜೆ ಬಂದ್ರ ಮುಂದಿನ ಹಂತ ದಿ ಮೈನ್ಸ್ ತಕ್ಕೋತೈತಿ. ಅಲ್ಲಿ ಜಾಗ ಇಕ್ಕಟ್ಟು, ಓಡಾಡವ್ರು ನಿಂದರವ್ರು ಯಾರು ಅಂತ ಹೊಸದಾಗಿ ಹಂಚಿಕೋಬೇಕಾಗ್ತದ.

---

ಕತ್ತಲಕೋಣೆ

ಇವತ್ತಿನ ಲೆಕ್ಕ: 150ರಲ್ಲಿ 150, ಕಾಂಬೊ 131. 132ನೆಯವನನ್ನ ಕೆಡವಿ ಇಟ್ಟಿದ್ವಿ, "ನೀನು ತುಳಿ", "ನೀನೇ ತುಳಿ" ಅನ್ನೋದ್ರೊಳಗೆ ಅಂಕಿ ಸೊನ್ನೆ. ತುಳಿಯೋದು ಯಾರು ಅಂತಲೂ ಮೊದಲೇ ಹಂಚಿಕೋಬೇಕಿತ್ತು. ಟಿವಿಯ ಗೇಮ್ ಮೋಡ್ ನಿಜವಾಗಿಯೂ ಆಫ್ ಇತ್ತು.